ಮೊದಲು ಸ್ಪ್ಯಾನರ್, ಆಮೇಲೆ ಬ್ರಷ್

ಮಾರ್ಚ್ 9, ಭಾನುವಾರ

ಮಗಳೇ,

ನೀನು ಮತ್ತೆ ಫೋನ್ ಮಾಡಿದ್ದೆಯಂತೆ. ನಿನಗೆ ಎಷ್ಟು ಸಲ ಹೇಳಬೇಕು? ವರ್ಷಗಟ್ಟಲೆ ಪ್ರೆಸ್ ಮಷೀನಿನ ಪಕ್ಕ ನಿಂತು ಕಿವಿ ಕಳೆದುಕೊಂಡ ಫಿಟ್ಟರ್ ನಾನು. ಫೋನಿನಲ್ಲಿ ನೀನು ಹೇಳಿದ್ದು ನನಗೆ ಕೇಳಿಸುವುದಿಲ್ಲ, ನಾನು ಹೇಳಿದ್ದು ಇಡೀ ಬೀದಿಗೆ ಕೇಳಿಸುತ್ತದೆ. ಕಾಗದ ಬರೆ. ನೆಮ್ಮದಿಯಾಗಿ ಓದಿಕೊಳ್ಳುತ್ತೇನೆ.

ದೊಡ್ಡ ಸುದ್ದಿ ಇದೆ. ಕಾಲುವೆಗೆ ಕಾಲುಸೇತುವೆ ಕಟ್ಟುವುದೆಂದು ನಮ್ಮ ಸೇವಾ ಕ್ಲಬ್ಬಿನಲ್ಲಿ ತೀರ್ಮಾನವಾಯಿತು. ಶಾಲೆಗೆ ಹೋಗುವ ಮಕ್ಕಳು ಇಂದಿಗೂ ಆ ಹಳೆಯ ನೀರಿನ ಪೈಪಿನ ಮೇಲೆ ಕೈ ಅಗಲಿಸಿಕೊಂಡು ನಡೆದು ದಾಟುತ್ತಾರೆ. ಹೋದ ವರ್ಷ ನಮ್ಮ ಟೈಲರನ ಮಗಳು ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡಳು, ನೆನಪಿದೆಯಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ನಾವೇ ಕಟ್ಟೋಣ ಎಂದೆವು. ಎಂಜಿನಿಯರ್ ಒಬ್ಬರು ನಕ್ಷೆ ಬರೆದುಕೊಟ್ಟಿದ್ದಾರೆ. ಉಕ್ಕಿನ ತೊಲೆಗಳು ಎರಡೆರಡು ತುಂಡಾಗಿ ಬರುತ್ತವೆ. ಅವನ್ನು ಕಾಲುವೆಯ ನಟ್ಟನಡುವೆ ಪಟ್ಟಿ ಇಟ್ಟು ಬೋಲ್ಟು ಹಾಕಿ ಜೋಡಿಸಬೇಕು. ಇಡೀ ಸೇತುವೆಯ ಜೀವ ಇರುವುದು ಆ ಜೋಡಣೆಯಲ್ಲಿ. ಅದು ಯಾರ ಪಾಲಿಗೆ ಬಂದಿತು ಎಂದು ಬೇರೆ ಹೇಳಬೇಕೆ?

ನಮ್ಮ ಪದ್ಧತಿ ನಿನಗೆ ಗೊತ್ತು. ಭಾನುವಾರ ಭಾನುವಾರ ಸದಸ್ಯರೇ ಕೈಯಾರೆ ಕೆಲಸ ಮಾಡಬೇಕು. ಒಬ್ಬ ಸದಸ್ಯ ಮಾಡಿದ್ದನ್ನು ಇನ್ನೊಬ್ಬ ಮುಟ್ಟಿ ನೋಡಬಾರದು. ಬಸ್ ತಂಗುದಾಣ ಕಟ್ಟುವಾಗ ಒಬ್ಬ ಬಳಿದ ಗೋಡೆಯನ್ನು ಇನ್ನೊಬ್ಬ ಕೆರೆದು ಬಳಿದು, ಕ್ಲಬ್ಬೇ ಒಡೆದುಹೋಗುವುದರಲ್ಲಿತ್ತು. ಆಗ ಈ ನಿಯಮ ತಂದವನು ನಾನೇ. ಅಲ್ಲಿಂದ ಈಚೆಗೆ ಜಗಳವಿಲ್ಲ.

ಇವತ್ತಿನ ಸಭೆಯಲ್ಲಿ ಒಂದು ತಮಾಷೆ ನಡೆಯಿತು. ನಾವು ನಡೆಸಿದ ಕಣ್ಣಿನ ತಪಾಸಣೆಯ ಶಿಬಿರದಲ್ಲಿ ಕನ್ನಡಕ ಸಿಗದ ಯಾರೋ ಕ್ಲಬ್ಬಿಗೆ ಕಾಗದ ಬರೆದಿದ್ದ. ಬಂದ ಕಾಗದವನ್ನು ಸಭೆಯಲ್ಲೇ ಒಡೆಯಬೇಕು, ಕಾರ್ಯದರ್ಶಿ ನಿಂತು ಓದಬೇಕು, ನಮ್ಮಲ್ಲಿ ಗುಟ್ಟಿನ ಕಾಗದ ಎಂಬುದಿಲ್ಲ. ಒಡೆದು ನೋಡಿದರೆ ಪುಟದ ತುಂಬ ಕಾರ್ಯದರ್ಶಿಗೇ, ಎಂದರೆ ನನಗೇ, ಬೈಗುಳ. 'ಆ ಕಿವುಡ ಮುದುಕ' ಎಂಬುದನ್ನೂ ಸೇರಿಸಿ ಒಂದಕ್ಷರ ಬಿಡದೆ ಓದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬಂದು ಹೇಳಿದರೆ ನಿನ್ನ ಅಮ್ಮ ಮಾತ್ರ, 'ಬರೆದೋನು ನಿಮ್ಮನ್ನ ಚೆನ್ನಾಗೇ ಬಲ್ಲೋನು' ಎಂದಳು.

ನಿನ್ನ ಅಪ್ಪ


ಮಾರ್ಚ್ 23

ಅಪ್ಪಾ,

ಸೇತುವೆಯ ಸುದ್ದಿ ಓದಿ ಖುಷಿಯಾಯಿತು. ನಿಮ್ಮ ನಿಯಮ ಓದಿ ಮಾತ್ರ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇರೆಯವರು ಬಿಗಿದ ಬೋಲ್ಟನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ನಿಮ್ಮ ಕ್ಲಬ್ಬಿಗೆ ಬಂದರೆ ಮೊದಲನೆಯ ದಿನವೇ ನನ್ನನ್ನು ಹೊರಗೆ ಹಾಕುತ್ತೀರಿ.

ಇಲ್ಲಿ ಪರಿಸ್ಥಿತಿ ಚೆನ್ನಾಗಿಲ್ಲ. ಕಳೆದ ವಾರ ಒಂದು ಕಚೇರಿಯ ಕಟ್ಟಡದಲ್ಲಿ ಲಿಫ್ಟ್ ಬಿತ್ತು. ಒಬ್ಬರ ಕಾಲು ಹೋಯಿತು. ನಾನು ತಪಾಸಣೆ ಮಾಡಿದ ಲಿಫ್ಟ್ ಅಲ್ಲ, ಆದರೂ ಅದರ ತಳದ ಗುಂಡಿಯೊಳಗೆ ಇಳಿದು ನೋಡಿದವಳು ನಾನೇ. ಒಂದು ಕಡೆಯ ಬೋಲ್ಟುಗಳು ಸಡಿಲ, ಅಷ್ಟೇ. ಅಷ್ಟಕ್ಕೇ ಅಷ್ಟೆಲ್ಲ ಆಯಿತು. ಊರಿನ ಲಿಫ್ಟುಗಳನ್ನೆಲ್ಲ ಮತ್ತೆ ನೋಡಬೇಕೆಂದು ಎಲ್ಲರ ರಜೆಯನ್ನೂ ರದ್ದು ಮಾಡಿದ್ದಾರೆ. ಜುಲೈವರೆಗೆ ಮನೆಗೆ ಬರಲಾಗುವುದಿಲ್ಲ.

ಒಂದು ಮಾತು ಕೇಳಲೇ? ಹೋದ ಸಲ ಬಂದಾಗ ನೀವು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಿರಿ. ನಿಮ್ಮ ಶರ್ಟುಗಳಿಗೆಲ್ಲ ಗುಂಡಿ ತೆಗೆಸಿ ಒತ್ತುವ ಟಿಚ್ ಬಟನ್ ಹಾಕಿಸಿದ್ದಿರಿ. ಬಲಗೈಯನ್ನು ಜೇಬಿನಿಂದ ತೆಗೆಯುತ್ತಲೇ ಇರಲಿಲ್ಲ. ಕೈಗೆ ಏನಾಗಿದೆ?

ನಿಮ್ಮ ಮಗಳು


ಏಪ್ರಿಲ್ 20

ಇನ್‌ಸ್ಪೆಕ್ಟರಮ್ಮನವರಿಗೆ,

ಮನೆಗೆ ಬಂದವಳು ಲಿಫ್ಟ್ ನೋಡಿದ ಹಾಗೆ ಅಪ್ಪನನ್ನೂ ನೋಡಿ ಹೋಗಿದ್ದೀಯ ಎಂದಾಯಿತು. ಟಿಚ್ ಬಟನ್ ಈಗಿನ ಫ್ಯಾಷನ್. ಜೇಬಿರುವುದು ಕೈ ಹಾಕುವುದಕ್ಕೆ. ಮುಂದಿನ ವಿಷಯಕ್ಕೆ ಬಾ.

ತೊಲೆಗಳು ಕಾಲುವೆಯ ಮೇಲೆ ಕೂತವು! ಅಡಿಯಲ್ಲಿ ಕಂಬ ಕೊಟ್ಟು ನಿಲ್ಲಿಸಿದ್ದೇವೆ. ಜೋಡಣೆ ಬಿಗಿಯಾದ ಮೇಲೆ ಕಂಬ ತೆಗೆಯುವುದು. ಹಲಗೆಯ ಮೇಲೆ ಮಂಡಿಯೂರಿ ಕೂತು ಇವತ್ತು ಮೂರನೆಯ ಭಾನುವಾರ ಕೆಲಸ ಮಾಡಿದೆ. ಅಧ್ಯಕ್ಷ, ಅದೇ ನಿನ್ನ ಔಷಧಿ ಅಂಗಡಿ ಮಾಮ, ರೇಲಿಂಗ್ ಹಾಕುತ್ತಿದ್ದಾನೆ. ಮಾತ್ರೆ ಎಣಿಸುವ ಕೈಗೆ ಡ್ರಿಲ್ ಕೊಟ್ಟರೆ ಏನಾಗುತ್ತದೋ ಅದೇ ಆಗುತ್ತಿದೆ. ನಾನು ಮುಟ್ಟುವ ಹಾಗಿಲ್ಲ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಕೂತಿರುತ್ತೇನೆ.

ನನ್ನ ಹಳದಿ ಗೆರೆಗಳನ್ನು ನೀನು ನೋಡಬೇಕಿತ್ತು. ನಟ್ಟಿನಿಂದ ಬೋಲ್ಟಿನ ಮೇಲೆ ಹಾದು, ಅಳತೆಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗೆ. ನಿಂತು ನೋಡದವರೇ ಇಲ್ಲ. ಬೆಳಿಗ್ಗೆ ಹೋದ ತಕ್ಷಣ, ಕೈ ಹಗುರವಾಗಿರುವಾಗಲೇ ಎಲ್ಲದಕ್ಕೂ ಬಣ್ಣ ಹಚ್ಚಿ ಮುಗಿಸಿಬಿಡುತ್ತೇನೆ. ಆಮೇಲೆ ಸ್ಪ್ಯಾನರ್ ಹಿಡಿಯುವುದು. ಬಿಗಿಯುವಾಗ ಗೆರೆ ಕೆಟ್ಟರೆ ಮುಂದಿನ ವಾರ ಬೆಳಿಗ್ಗೆ ತಿದ್ದಿದರಾಯಿತು.

ಜೂನ್ 15ರ ಭಾನುವಾರ ನಾವೆಲ್ಲ ಒಟ್ಟಿಗೆ ದಾಟುವುದು, ಮರುದಿನ ಶಾಲೆ ತೆರೆಯುತ್ತದೆ. ಮೊದಲು ಕ್ಲಬ್ಬು, ಆಮೇಲೆ ಊರು. ಅದೂ ನಮ್ಮ ಪದ್ಧತಿಯೇ.

ನಿನ್ನ ಅಪ್ಪ


ಏಪ್ರಿಲ್ 27

ಅಪ್ಪಾ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ.

ಗೆರೆ ಎಳೆಯುವುದು ಕೊನೆಗೆ. ಬಿಗಿದು, ಇನ್ನೊಮ್ಮೆ ಬಿಗಿದು ನೋಡಿ, ಆಮೇಲೆ ಬಣ್ಣ. ಗೆರೆ ಇದೆ ಎಂದರೆ ಆ ಬೋಲ್ಟಿನ ಕೆಲಸ ಮುಗಿದಿದೆ ಎಂದು ಅರ್ಥ. ಇದನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಹಿತ್ತಿಲಿನಲ್ಲಿ ಪಂಪು ಬಿಚ್ಚಿ ಜೋಡಿಸುವಾಗ ನೀವೇ ಹೇಳಿಕೊಟ್ಟಿರಿ. 'ಮೊದಲು ಸ್ಪ್ಯಾನರ್, ಆಮೇಲೆ ಬ್ರಷ್' ಎಂದು ನನ್ನ ಬಾಯಲ್ಲಿ ಹೇಳಿಸುತ್ತಿದ್ದಿರಿ.

ನೀವು ಅದನ್ನು ತಿರುವುಮುರುವು ಮಾಡಿದ್ದೀರಿ ಎಂದರೆ ನನಗೆ ಒಂದೇ ಕಾರಣ ಹೊಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಕೈ ನಡುಗುತ್ತದೆ. ಆಗ ಗೆರೆ ಎಳೆದರೆ ಸೊಟ್ಟಗಾಗಿ ನಾಲ್ಕು ಜನರಿಗೆ ಕಾಣುತ್ತದೆ. ಗೆರೆ ಸೊಟ್ಟಗಾದರೆ ಯಾರೂ ಸಾಯುವುದಿಲ್ಲ ಅಪ್ಪಾ. ಆದರೆ ಬಣ್ಣ ಮೊದಲೇ ಹಚ್ಚಿದ ಮೇಲೆ ಯಾವುದನ್ನು ಬಿಗಿದಿರಿ, ಯಾವುದನ್ನು ಬಿಟ್ಟಿರಿ ಎಂದು ನಿಮಗೇ ಹೇಗೆ ತಿಳಿಯಬೇಕು?

ಔಷಧಿ ಅಂಗಡಿ ಮಾಮನಿಗೆ ಹೇಳಿ. ಜೋಡಣೆಯನ್ನು ಬೇರೆ ಯಾರಾದರೂ ಇನ್ನೊಮ್ಮೆ ಬಿಗಿದು ನೋಡಲಿ. ಅರ್ಧ ದಿನದ ಕೆಲಸ. ಹಾಗೆಯೇ ಒಮ್ಮೆ ಡಾಕ್ಟರಿಗೆ ಕೈ ತೋರಿಸಿ. ಬೇಡಿಕೊಳ್ಳುತ್ತೇನೆ.

ನಿಮ್ಮ ಮಗಳು


ಮೇ 6

ಮಗಳೇ,

ನೀನು ಹುಟ್ಟುವುದಕ್ಕೆ ಮುಂಚಿನಿಂದ ನಾನು ಬೋಲ್ಟು ಬಿಗಿಯುತ್ತಿದ್ದೇನೆ. ಬಿಗಿಯಾಗಿದೆಯೋ ಇಲ್ಲವೋ ಎಂಬುದು ನನ್ನ ಕೈಗೆ ಗೊತ್ತು. ಅದನ್ನು ಊರಾಚೆ ಕೂತವಳಿಂದ ಕೇಳಿ ತಿಳಿಯಬೇಕಾಗಿಲ್ಲ.

ನನ್ನ ಕೆಲಸವನ್ನು ಇನ್ನೊಬ್ಬ ಮುಟ್ಟಿ ನೋಡಲಿ ಎಂದು ನಾನೇ ಹೋಗಿ ಕೇಳಬೇಕೆ? ಆ ನಿಯಮ ತಂದವನೇ ಮುರಿಯಬೇಕೆ? ನಾಳೆ ಬೀದಿಯಲ್ಲಿ 'ಪಾಪ, ಫಿಟ್ಟರಿಗೆ ಕೈ ಹೋಯ್ತಂತೆ' ಎನ್ನುತ್ತಾರೆ. ಆಮೇಲೆ ನನಗೆ ಕುರ್ಚಿ ಹಾಕಿ ಕೂರಿಸುತ್ತಾರೆ. ಫೋಟೋ ತೆಗೆಯುವಾಗ ಮಾತ್ರ ಕರೆಯುತ್ತಾರೆ. ಕಿವಿ ಹೋದಾಗ ಫ್ಯಾಕ್ಟರಿ ನನ್ನನ್ನು ಮನೆಗೆ ಕಳಿಸಿತು. ಕಳಿಸದೆ ಇಟ್ಟುಕೊಂಡದ್ದು ಈ ಕ್ಲಬ್ಬು ಒಂದೇ.

ಈ ವಿಷಯ ಇಲ್ಲಿಗೆ ಮುಗಿಯಿತು. ಇನ್ನೊಮ್ಮೆ ಎತ್ತಿದರೆ ಕಾಗದ ಓದುವುದಿಲ್ಲ.

ಅಪ್ಪ


ಮೇ 11

ಕಂದಾ,

ಅಪ್ಪ ಕ್ಲಬ್ಬಿಗೆ ಹೋಗಿದ್ದಾರೆ. ಅವರು ಬರುವುದರೊಳಗೆ ಬರೆದು ಅಂಚೆ ಡಬ್ಬಿಗೆ ಹಾಕಿ ಬರಬೇಕು, ಅದಕ್ಕೇ ಈ ಕೋಳಿಕಾಲಿನ ಅಕ್ಷರ.

ನೀನು ಬರೆದದ್ದೆಲ್ಲ ನಿಜ. ಬೇರೆಯವರ ಎದುರು ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾರೆ. ಗಡ್ಡ ಕೆರೆದುಕೊಳ್ಳುವಾಗ ಬಾಗಿಲು ಹಾಕಿಕೊಳ್ಳುತ್ತಾರೆ, ಕೆನ್ನೆ ಕೊಯ್ದುಕೊಂಡು ಹೊರಗೆ ಬಂದರೆ ನಾನು ಕಂಡೂ ಕಾಣದವಳ ಹಾಗೆ ಇರುತ್ತೇನೆ. ಕೇಳಿದರೆ ಎರಡು ದಿನ ಮಾತು ಬಿಡುತ್ತಾರೆ. ಹೇಗಿದ್ದರೂ ಕೇಳಿಸದವರು, ಮಾತು ಬಿಟ್ಟರೆಷ್ಟು ಎನ್ನಬೇಡ. ಅವರ ಗದ್ದಲವಿಲ್ಲದೆ ಮನೆ ಬಿಕೋ ಅನ್ನುತ್ತದೆ.

ಆದರೆ ಕ್ಲಬ್ಬಿಗೆ ಮಾತ್ರ ಏನನ್ನೂ ಬರೆಯಬೇಡ ಕಣೇ. ಭಾನುವಾರಕ್ಕಾಗಿ ಶನಿವಾರವೇ ಶರ್ಟ್ ಇಸ್ತ್ರಿ ಮಾಡಿಟ್ಟುಕೊಳ್ಳುವ ಮನುಷ್ಯ. ಅದನ್ನೂ ಕಿತ್ತುಕೊಂಡರೆ ಅವರಿಗೆ ಏನು ಉಳಿಯುತ್ತದೆ ಹೇಳು. ನಾನೇ ಹೇಗಾದರೂ ಒಪ್ಪಿಸುತ್ತೇನೆ.

ಅಮ್ಮ


ಮೇ 18

ಅಪ್ಪಾ,

ಓದುವುದಿಲ್ಲ ಎಂದಿದ್ದೀರಿ. ಓದುತ್ತೀರಿ ಎಂದುಕೊಂಡೇ ಬರೆಯುತ್ತಿದ್ದೇನೆ.

ಜೂನ್ 16ರ ಬೆಳಿಗ್ಗೆ ಮಕ್ಕಳು ಒಬ್ಬೊಬ್ಬರಾಗಿ ನಡೆದುಕೊಂಡು ದಾಟುವುದಿಲ್ಲ. ಗಂಟೆ ಹೊಡೆದರೆ ನೂಕಿಕೊಂಡು ಓಡುತ್ತಾರೆ. ನಡುವಿನಲ್ಲಿ ನಿಂತು ಕುಣಿಯುತ್ತಾರೆ. ನಾನೂ ಆ ವಯಸ್ಸಿನಲ್ಲಿ ಹಾಗೆಯೇ ಮಾಡುತ್ತಿದ್ದೆ. ಲಿಫ್ಟಿನ ಗುಂಡಿಯಲ್ಲಿ ನೋಡಿದ್ದನ್ನು ನನ್ನಿಂದ ಮರೆಯಲಾಗುತ್ತಿಲ್ಲ. ಅಲ್ಲಿಯೂ ಒಬ್ಬ ಫಿಟ್ಟರ್, ನನ್ನ ಕೈಗೆ ಗೊತ್ತು ಎಂದೇ ಹೇಳಿದ.

ಈ ತಿಂಗಳ ಕೊನೆಯೊಳಗೆ ನೀವೇ ಹೇಳಿ. ಇಲ್ಲದಿದ್ದರೆ ಮಾಮನಿಗೆ ನಾನು ಬರೆಯುತ್ತೇನೆ. ಇದನ್ನು ನಿಮ್ಮ ಬೆನ್ನ ಹಿಂದೆ ಮಾಡಬಾರದೆಂದು ಮುಂಚಿತವಾಗಿ ತಿಳಿಸುತ್ತಿದ್ದೇನೆ.

ನಿಮ್ಮ ಮಗಳು


ಮೇ 24

ಬರೆ. ಬರೆದ ಮೇಲೆ ಈ ಮನೆಯಲ್ಲಿ ನಿನಗೆ ಅಮ್ಮ ಇರುತ್ತಾಳೆ. ಅಪ್ಪ ಇರುವುದಿಲ್ಲ.


ಜೂನ್ 2

ಅಧ್ಯಕ್ಷರಿಗೆ,

ಮಾಮಾ, ಈ ಕಾಗದವನ್ನು ಕೈಯಲ್ಲಿ ಬರೆಯದೆ ಟೈಪ್ ಮಾಡಿಸಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ಅಪ್ಪನ ಕಣ್ಣಿಗೆ ಬಿದ್ದರೆ ಗುರುತು ಹತ್ತಬಾರದೆಂದು. ಅದಕ್ಕೇ ಕ್ಲಬ್ಬಿನ ವಿಳಾಸಕ್ಕೆ ಕಳಿಸದೆ ನಿಮ್ಮ ಅಂಗಡಿಗೆ ಕಳಿಸುತ್ತಿದ್ದೇನೆ. ಓದಿ ನಿಮ್ಮಲ್ಲೇ ಇಟ್ಟುಕೊಳ್ಳಿ.

ಸೇತುವೆಯ ನಡುವಿನ ಜೋಡಣೆಯ ಮೇಲೆ ಯಾರೂ ಕಾಲಿಡುವ ಮುನ್ನ ಅಲ್ಲಿಯ ಬೋಲ್ಟುಗಳನ್ನೆಲ್ಲ ಇನ್ನೊಬ್ಬರಿಂದ ಬಿಗಿಸಿ ನೋಡಿ. ಅಪ್ಪನ ಬಲಗೈ ನಡುಗುತ್ತದೆ. ಅವರು ಅದನ್ನು ಮುಚ್ಚಿಡುತ್ತಿದ್ದಾರೆ. ಗೆರೆ ನೆಟ್ಟಗೆ ಕಾಣಲಿ ಎಂದು ಬೆಳಿಗ್ಗೆಯೇ ಬಣ್ಣ ಹಚ್ಚಿ, ಆಮೇಲೆ ಬಿಗಿಯುತ್ತಿದ್ದಾರೆ. ಹಾಗಾಗಿ ಹಳದಿ ಗೆರೆ ಇದ್ದ ಮಾತ್ರಕ್ಕೆ ಬೋಲ್ಟು ಬಿಗಿಯಾಗಿದೆ ಎಂದು ನಂಬಬೇಡಿ.

ನಾನು ಮೊದಲ ಸಲ ಸ್ಪ್ಯಾನರ್ ಹಿಡಿದಾಗ ನನ್ನ ಕೈಯ ಮೇಲೆ ಅವರ ಕೈ ಇತ್ತು. ಈಗಲೂ ಕೆಲಸದಲ್ಲಿ ಗಟ್ಟಿ ಬೋಲ್ಟು ಎದುರಾದರೆ ಆ ಕೈಯ ಭಾರ ನನ್ನ ಕೈಯ ಮೇಲೆ ಇದ್ದ ಹಾಗೆಯೇ ಅನ್ನಿಸುತ್ತದೆ.

ನಿಮ್ಮ ನಿಯಮ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ. ಅವರ ಮರ್ಯಾದೆ ಹೋಗದ ಹಾಗೆ ಇದನ್ನು ಮಾಡಲು ದಾರಿ ಇದ್ದರೆ ದಯವಿಟ್ಟು ಹುಡುಕಿ.

ಫಿಟ್ಟರ ಮಗಳು


ಜೂನ್ 9

ಮಗಳೇ,

ನನ್ನನ್ನು ಕ್ಷಮಿಸು ಎಂದು ಮೊದಲೇ ಕೇಳಿಕೊಂಡು ಮುಂದೆ ಬರೆಯುತ್ತೇನೆ.

ನಿನ್ನ ಕಾಗದ ಅಂಗಡಿಗೆ ಬಂದಾಗ ಮೇಲೆ 'ಅಧ್ಯಕ್ಷರಿಗೆ' ಎಂದಿತ್ತು, ಟೈಪ್ ಮಾಡಿದ ಅಕ್ಷರ. ಯಾವುದೋ ಕಚೇರಿಯಿಂದ ಸೇತುವೆಯ ವಿಷಯಕ್ಕೆ ಬಂದಿರಬೇಕು ಎಂದುಕೊಂಡೆ. ಅಧ್ಯಕ್ಷರ ಹೆಸರಿಗೆ ಬಂದದ್ದು ಕ್ಲಬ್ಬಿನದು, ಸಭೆಯಲ್ಲೇ ಒಡೆಯಬೇಕು. ಅಷ್ಟು ವರ್ಷದ ಅಭ್ಯಾಸ, ಎರಡನೆಯ ಯೋಚನೆಯೇ ಬರಲಿಲ್ಲ. ನಿನ್ನೆಯ ಸಭೆಗೆ ಹಾಗೆಯೇ ಒಯ್ದು ನಿನ್ನ ಅಪ್ಪನ ಕೈಗೆ ಕೊಟ್ಟೆ.

ಅವರು ಎಂದಿನಂತೆ ನಿಂತರು, ಒಡೆದರು, ಆ ದೊಡ್ಡ ಗಂಟಲಿನಲ್ಲಿ ಓದತೊಡಗಿದರು. 'ಮಾಮಾ' ಎಂಬ ಮಾತು ಬಂದ ಕೂಡಲೇ ನನಗೆ ಅರ್ಥವಾಯಿತು. ಎದ್ದು ಹೋಗಿ ತೋಳು ಹಿಡಿದೆ. 'ಸಾಕು ಬಿಡಿ, ಇದು ನನ್ನ ಸ್ವಂತದ್ದು' ಎಂದೆ. ನನ್ನ ಕೈ ಸರಿಸಿದರು. 'ಕೂತ್ಕೋ. ಕ್ಲಬ್ಬಿಗೆ ಬಂದಿದೆ, ಓದ್ತೀನಿ' ಎಂದರು. ಓದಿದರು. ಬಲಗೈ ನಡುಗುತ್ತದೆ ಎಂಬ ಮಾತು ಓದುವಾಗ ಕಾಗದ ಪಟಪಟ ಬಡಿದುಕೊಳ್ಳುತ್ತಿತ್ತು. ನಾವೆಲ್ಲ ನೆಲ ನೋಡುತ್ತಾ ಕೂತಿದ್ದೆವು. ನಡುವೆ ಒಮ್ಮೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಆಮೇಲೆ ಕೊನೆಯವರೆಗೂ ಒಂದಕ್ಷರ ಬಿಡದೆ ಓದಿ, ನಿನ್ನ ಸಹಿಯನ್ನೂ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡರು.

ಅವರೇ ಮಾತಾಡಿದರು. 'ಯಾಕೆ ಸುಮ್ನೆ ಕೂತಿದೀರಿ? ಸ್ಪ್ಯಾನರ್ ತಗೊಳ್ಳಿ, ನಡೀರಿ.'

ಸಭೆಯ ಮಧ್ಯದಲ್ಲೇ ಎಲ್ಲರೂ ಕಾಲುವೆಗೆ ಹೋದೆವು. ನಮ್ಮ ಸದಸ್ಯನೇ ಆದ ಮೆಕ್ಯಾನಿಕ್ ಹಲಗೆಯ ಮೇಲೆ ಮಲಗಿ ಒಂದೊಂದನ್ನೂ ಬಿಗಿದು ನೋಡಿದ. ನಿನ್ನ ಅಪ್ಪ ದಡದಲ್ಲಿ ನಿಂತಿದ್ದರು. ಕೆಳಸಾಲಿಗೆ ಬಂದಾಗ ಮೆಕ್ಯಾನಿಕ್ ಸ್ಪ್ಯಾನರ್ ಪಕ್ಕಕ್ಕಿಟ್ಟು ಬೆರಳಿನಿಂದಲೇ ನಟ್ಟು ತಿರುಗಿಸಿ ತೋರಿಸಿದ. ಅದರ ಪಕ್ಕದ್ದೂ ತಿರುಗಿತು, ಅದರ ಪಕ್ಕದ್ದೂ. ಎಲ್ಲದರ ಮೇಲೂ ಚೆಂದದ ಹಳದಿ ಗೆರೆ. ಕೆಳಗಿನ ಕಂಬಗಳನ್ನು ನಾವು ಈ ಬುಧವಾರ ತೆಗೆಯುವವರಿದ್ದೆವು.

ನಿನ್ನ ಅಪ್ಪ ಮನೆಗೆ ಹೋದರು. ಉಳಿದವರು ಸಂಜೆಯವರೆಗೆ ಇದ್ದು ಎಲ್ಲವನ್ನೂ ಬಿಗಿದೆವು, ಎಂಜಿನಿಯರನ್ನು ಕರೆಸಿ ತೋರಿಸಿದೆವು. ನನ್ನ ರೇಲಿಂಗನ್ನೂ ನೋಡಿದರು. ಅದರಲ್ಲಿ ಅರ್ಧವನ್ನು ಕಿತ್ತು ಹಾಕಿದ್ದಾರೆ.

ನೀನು ಮರ್ಯಾದೆ ಉಳಿಸಲು ದಾರಿ ಹುಡುಕಿ ಎಂದಿದ್ದೆ. ನಾನು ಹುಡುಕಲಿಲ್ಲ, ಇದ್ದದ್ದನ್ನೂ ಮುಚ್ಚಿದೆ.

ಔಷಧಿ ಅಂಗಡಿ ಮಾಮ


ಜೂನ್ 13

ಅಪ್ಪಾ,

ಮಾಮ ಎಲ್ಲವನ್ನೂ ಬರೆದಿದ್ದಾರೆ. ನಿಮ್ಮ ಬಾಯಿಂದಲೇ ಅದನ್ನು ಓದಿಸಬೇಕೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬರೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನೀವು ನಿಂತು ಓದಬೇಕಾಗಿ ಬಂದದ್ದಕ್ಕೆ ಕೇಳುತ್ತೇನೆ, ಎಷ್ಟು ಸಲ ಬೇಕಾದರೂ.

ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ ಮಗಳು


ಜುಲೈ 6, ಭಾನುವಾರ

ಮಗಳೇ,

ಈ ಕಾಗದವನ್ನು ಬೆಳಿಗ್ಗೆ ಅರ್ಧ ಬರೆದೆ, ಮಧ್ಯಾಹ್ನ ಅರ್ಧ ಬರೆಯುತ್ತಿದ್ದೇನೆ. ಎಲ್ಲಿಂದ ಮಧ್ಯಾಹ್ನ ಶುರುವಾಯಿತು ಎಂದು ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ತಿಳಿಯಲಿ.

ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಹೋಗುತ್ತದೆ, ಅವಸರ ಮಾಡಬೇಡ. ಅಪ್ಪ ಇರುವುದಿಲ್ಲ ಎಂದು ಬರೆದದ್ದು ನನ್ನ ತಪ್ಪು. ನಿನ್ನ ಅಮ್ಮನಿಗೆ ಅದು ಗೊತ್ತಾಗಿ, ಈ ಸಲ ಮಾತು ಬಿಟ್ಟವಳು ಅವಳು.

ಹೇಗಾಯಿತು ಎಂದು ನಿನಗೆ ಹೇಳಬೇಕು, ಬೇರೆ ಯಾರಿಗೂ ಹೇಳಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೆಳಸಾಲಿಗೆ ಬಣ್ಣ ಹಚ್ಚಿದೆ. ಹೊತ್ತೇರುವಷ್ಟರಲ್ಲಿ ಕೈ ನಿಲ್ಲದಾಯಿತು. ಮುಂದಿನ ವಾರ ಬಿಗಿದರಾಯಿತು ಎಂದು ಎದ್ದುಬಂದೆ. ಮುಂದಿನ ವಾರ ಹೋಗಿ ನೋಡಿದೆ, ಗೆರೆ ಕಂಡಿತು. ಇದು ಮುಗಿದಿದೆ ಎಂದುಕೊಂಡು ಮುಂದಕ್ಕೆ ಹೋದೆ. ಬದುಕಿಡೀ ಗೆರೆ ಕಂಡರೆ ಕೆಲಸ ಮುಗಿದಿದೆ ಎಂದೇ ನಂಬಿದ ಕಣ್ಣು. ಬೇರೆ ಯಾವನಾದರೂ ಹಚ್ಚಿದ ಗೆರೆಯಾಗಿದ್ದರೆ ಅನುಮಾನ ಪಡುತ್ತಿದ್ದೆನೋ ಏನೋ. ನನ್ನ ಗೆರೆಯನ್ನು ನಾನು ನಂಬಿದೆ. ದಡದಲ್ಲಿ ನಿಂತು ಆ ನಟ್ಟು ಬೆರಳಲ್ಲಿ ತಿರುಗಿದ್ದು ನೋಡಿದಾಗ ಟೈಲರನ ಮಗಳ ಮುಖ ಕಣ್ಣ ಮುಂದೆ ಬಂತು.

ಸೇತುವೆಯನ್ನು ಜೂನ್ 15ಕ್ಕೇ ದಾಟಿದರು. ನಾನು ಹೋಗುವುದಿಲ್ಲ ಎಂದು ಮನೆಯಲ್ಲೇ ಕೂತಿದ್ದೆ. ಎಲ್ಲರೂ ಬಂದು ಬಾಗಿಲಲ್ಲಿ ನಿಂತರು. ಏನೋ ಕೂಗುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ. ಕೇಳಿಸದೆ ಒಪ್ಪುವುದು ಹೇಗೆ, ಕೇಳಿಸದೆ ಬೇಡ ಎನ್ನುವುದೂ ಹೇಗೆ? ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಎಡಗೈಯಲ್ಲಿ ರೇಲಿಂಗ್ ಹಿಡಿದು, ಬಲಗೈ ಜೇಬಿನಿಂದ ತೆಗೆದು ನಡೆದೆ. ಅದು ತನ್ನ ಪಾಡಿಗೆ ಕುಣಿಯುತ್ತಿತ್ತು. ಎಲ್ಲರೂ ನೋಡಿದರು. ನಡುವಿನಲ್ಲಿ ನಿಂತು ಒಮ್ಮೆ ಜೋರಾಗಿ ಕಾಲು ಬಡಿದೆ. ಜಗ್ಗಲಿಲ್ಲ. ಮರುದಿನ ಮಕ್ಕಳು ನೀನು ಹೇಳಿದ ಹಾಗೆಯೇ ನೂಕಿಕೊಂಡು ಓಡಿದರು.

ಡಾಕ್ಟರಿಗೆ ತೋರಿಸಿದೆ. ಮಾತ್ರೆ ಕೊಟ್ಟಿದ್ದಾರೆ. ಪೂರ್ತಿ ಹೋಗುವುದಲ್ಲವಂತೆ. ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಎಂದೆ, ಯಾರೂ ಒಪ್ಪಲಿಲ್ಲ. ಒಂದು ನಿಯಮ ಮಾತ್ರ ತೆಗೆದುಹಾಕಿಸಿದೆ. ಇನ್ನು ಮುಂದೆ ಪ್ರತಿಯೊಬ್ಬರ ಕೆಲಸವನ್ನೂ ಇನ್ನೊಬ್ಬರು ಮುಟ್ಟಿ ನೋಡಬೇಕು. ಅಧ್ಯಕ್ಷನ ರೇಲಿಂಗ್ ನೋಡಿದ ಮೇಲೆ ಯಾರೂ ತಕರಾರು ಮಾಡಲಿಲ್ಲ.

ಇನ್ನೊಂದಿದೆ. ನಿನ್ನ ಕಾಗದವನ್ನು ನಾನು ಒಂದಕ್ಷರ ಬಿಡದೆ ಓದಿದೆ ಎಂದು ಅಧ್ಯಕ್ಷ ನಿನಗೆ ಬರೆದಿದ್ದಾನಂತೆ. ಅವನಿಗೆ ಗೊತ್ತಿಲ್ಲ. ಕನ್ನಡಕ ಒರೆಸಿಕೊಂಡ ಕಡೆ ಬಿಟ್ಟೆ. ನೀನು ಮೊದಲ ಸಲ ಸ್ಪ್ಯಾನರ್ ಹಿಡಿದಾಗ ಎಂದು ಬರೆದಿದ್ದೆಯಲ್ಲ, ಅದು. ನನ್ನ ತಪ್ಪನ್ನು ನಿಂತು ಓದಿದೆ, ಅದು ಕ್ಲಬ್ಬಿಗೆ ಸೇರಿದ್ದು. ಇದು ಕ್ಲಬ್ಬಿಗೆ ಸೇರಿದ್ದಲ್ಲ. ಕಾಗದ ಇನ್ನೂ ನನ್ನ ಜೇಬಿನಲ್ಲೇ ಇದೆ.

ರಜೆ ಸಿಕ್ಕ ತಕ್ಷಣ ಬಾ. ಸೇತುವೆಯನ್ನು ನೀನೇ ಒಮ್ಮೆ ತಪಾಸಣೆ ಮಾಡಬೇಕೆಂದು ಸಭೆಯಲ್ಲಿ ಹೇಳಿ ಒಪ್ಪಿಸಿದ್ದೇನೆ. ಸ್ಪ್ಯಾನರ್ ನೀನು ಹಿಡಿ. ನಾನು ನಿನ್ನ ಕೈಯ ಮೇಲೆ ಕೈ ಇಡುತ್ತೇನೆ. ನಡುಗುತ್ತದೆ, ಗಾಬರಿಯಾಗಬೇಡ.

ನಿನ್ನ ಅಪ್ಪ